ಉಸಿರು ಎಣಿಸಿದ್ದೋ, ಊಹಿಸಿದ್ದೋ?

ಓದುಗರ ಪ್ರಶ್ನೆಗಳಿಗೆ ಉತ್ತರ: ಈ ಬಾರಿ ರೋಗಿಯ ಸುರಕ್ಷತೆ ಮತ್ತು ನರ್ಸಿನ ವಿವೇಚನೆ

ಪ್ರಶ್ನೆ: ನಮ್ಮ ವಾರ್ಡಿನ ಚಾರ್ಟುಗಳಲ್ಲಿ ಎಲ್ಲರ ಉಸಿರಾಟವೂ 18 ಅಥವಾ 20 ಎಂದೇ ಇರುತ್ತದೆ. ಒಂದು ಪಾಳಿಯಲ್ಲಿ ಮೂವತ್ತು ಜನರನ್ನು ನೋಡುವಾಗ ಒಬ್ಬೊಬ್ಬರದ್ದೂ ಪೂರ್ತಿ ಒಂದು ನಿಮಿಷ ಎಣಿಸಲು ಆಗುತ್ತದೆಯೇ? ಹೇಗೂ ಬೆರಳಿಗೆ ಆಕ್ಸಿಮೀಟರ್ ಹಾಕುತ್ತೇವಲ್ಲ?

ಮೂವತ್ತು ಜನಕ್ಕೆ ಮೂವತ್ತು ನಿಮಿಷ, ಹೊರೆ ನಿಜವೇ. ಆದರೆ ಸಾಮಾನ್ಯ ವಾರ್ಡಿನ ಚಾರ್ಟಿನಲ್ಲಿ ಯಂತ್ರ ತೋರಿಸದೆ ನಾವೇ ಕಣ್ಣಿಟ್ಟು ಎಣಿಸಬೇಕಾದ ಅಂಕಿ ಇದು. ರೋಗಿ ಹದಗೆಡುವಾಗ ಬಹಳ ಸಲ ಎಲ್ಲಕ್ಕಿಂತ ಮೊದಲು ಅಲುಗುವುದೂ ಇದೇ. ಸೋಂಕು ರಕ್ತಕ್ಕೇರಿದರೆ, ಒಳಗೆ ರಕ್ತ ಸೋರುತ್ತಿದ್ದರೆ, ಸಕ್ಕರೆ ಕಾಯಿಲೆಯಲ್ಲಿ ಕೀಟೋನ್ ಏರಿದರೆ ರಕ್ತದಲ್ಲಿ ಆಮ್ಲ ಕೂಡಿಕೊಳ್ಳುತ್ತದೆ. ಅದನ್ನು ಸರಿದೂಗಿಸಲು ಶ್ವಾಸಕೋಶ ಬೇಗಬೇಗ ಇಂಗಾಲದ ಡೈಆಕ್ಸೈಡನ್ನು ಹೊರಹಾಕತೊಡಗುತ್ತದೆ. ಆ ಹೊತ್ತಿನಲ್ಲೂ ಆಕ್ಸಿಮೀಟರ್ ನೆಮ್ಮದಿಯಾಗಿ 97 ತೋರಿಸುತ್ತಿರುತ್ತದೆ. ಬಿಂದಿಗೆ ತುಂಬಿದೆ ಎನ್ನುವುದಷ್ಟೇ ಅದಕ್ಕೆ ಗೊತ್ತು. ಸೇದುವವನ ರಟ್ಟೆ ಸೋಲುತ್ತಿದೆ ಎನ್ನುವುದು ಗೊತ್ತಿಲ್ಲ.

ಊಹೆಯ ಅಂಕಿ ಏನು ಮಾಡುತ್ತದೆ ಎಂದು ಒಂದು ಲೆಕ್ಕ ಹಾಕಿ ನೋಡೋಣ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪರಿಷ್ಕರಿಸಿದ ನ್ಯೂಸ್-2 ಎಂಬ ಮುನ್ನೆಚ್ಚರಿಕೆ ಅಂಕಪಟ್ಟಿ ಇದೆ. ಒಬ್ಬ ರೋಗಿಯ ಉಸಿರಾಟ 22, ಆಮ್ಲಜನಕ ಕೊಡದೆಯೇ ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) 95, ಮೇಲಿನ ಬಿಪಿ 108, ನಾಡಿ 104, ಜ್ವರ 37.8 ಡಿಗ್ರಿ ಸೆಲ್ಸಿಯಸ್, ಪ್ರಜ್ಞೆ ಸರಿಯಾಗಿದೆ ಎನ್ನಿ. ಒಂದೊಂದನ್ನೇ ನೋಡಿದರೆ ಯಾವುದೂ ಹೆದರಿಸುವುದಿಲ್ಲ. ಆದರೆ ಉಸಿರಾಟಕ್ಕೆ 2, ಸ್ಯಾಚುರೇಶನ್, ಬಿಪಿ, ನಾಡಿಗೆ ಒಂದೊಂದು, ಒಟ್ಟು 5. ಐದು ಎಂದರೆ ಡಾಕ್ಟರು ತುರ್ತಾಗಿ ಬಂದು ನೋಡಬೇಕು, ಗಂಟೆಗೊಮ್ಮೆಯಾದರೂ ಎಲ್ಲವನ್ನೂ ಮತ್ತೆ ಅಳೆಯಬೇಕು. ಇದೇ ರೋಗಿಗೆ ಎಣಿಸದೆ 18 ಎಂದು ಬರೆದಿರೋ, ಮೊತ್ತ 3ಕ್ಕೆ ಇಳಿಯಿತು. ಮುಂದಿನ ತಪಾಸಣೆ ನಾಲ್ಕರಿಂದ ಆರು ಗಂಟೆಯ ನಂತರ. ಒಂದು ಸುಳ್ಳು ಅಂಕಿ ಕಸಿದುಕೊಳ್ಳುವುದು ಆ ಗಂಟೆಗಳನ್ನು.

ಎಣಿಸುವ ಕ್ರಮ ಹೀಗೆ. ನಾಡಿ ನೋಡಿ ಮುಗಿದ ಮೇಲೂ ಬೆರಳನ್ನು ಮಣಿಕಟ್ಟಿನಿಂದ ತೆಗೆಯಬೇಡಿ. ದೃಷ್ಟಿ ಮಾತ್ರ ಎದೆಯ ಮೇಲೆ, ಇಲ್ಲವೇ ಹೊಟ್ಟೆಯ ಮೇಲ್ಭಾಗದ ಮೇಲೆ ಇರಲಿ. ಉಸಿರು ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ಯಾರ ಉಸಿರಾದರೂ ಬದಲಾಗುತ್ತದೆ. ಒಮ್ಮೆ ಏರಿ ಇಳಿದರೆ ಒಂದು. ಲಯ ಸಮವಾಗಿದ್ದರೆ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದನ್ನು ಒಪ್ಪಬಹುದು. ಮಗುವಾಗಿದ್ದರೆ, ಲಯ ತಪ್ಪಿದ್ದರೆ, ಮಂಪರಿನಲ್ಲಿದ್ದರೆ ಪೂರ್ತಿ ನಿಮಿಷವೇ ಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಬಿಡಿ. ಒಂದು ಉಸಿರು ತಪ್ಪಿದರೆ ಲೆಕ್ಕ ನಾಲ್ಕು ತಪ್ಪುತ್ತದೆ. ಎಣಿಸುವಾಗಲೇ ಇನ್ನಷ್ಟು ಕಾಣುತ್ತದೆ: ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆಯೇ, ಕುತ್ತಿಗೆಯ ಸ್ನಾಯು ಎಳೆಯುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ. ಎಣಿಸಲು ಆಗಲೇ ಇಲ್ಲವೆಂದರೆ ಚಾರ್ಟಿನ ಆ ಮನೆಯನ್ನು ಖಾಲಿ ಬಿಡಿ. ಖಾಲಿ ಮನೆ ಮುಂದಿನ ಪಾಳಿಯವರನ್ನು ಎಚ್ಚರಿಸುತ್ತದೆ, 18 ಮಲಗಿಸುತ್ತದೆ.

ಅಂಕಪಟ್ಟಿಗೂ ಕುರುಡುತನವಿದೆ. ನಾಡಿಯ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿ ರಕ್ತ ಸೋರುತ್ತಿದ್ದರೂ ಏರದಿರಬಹುದು. ದಿನವೂ 160 ಇರುವವರ ಬಿಪಿ 115ಕ್ಕೆ ಬಂದರೆ ಪಟ್ಟಿ ಸೊನ್ನೆ ಕೊಡುತ್ತದೆ, ಅವರ ಮೂತ್ರಪಿಂಡ ಕೊಡುವುದಿಲ್ಲ. ವಯಸ್ಸಾದವರಲ್ಲಿ ತೀವ್ರ ಸೋಂಕು ಜ್ವರವಿಲ್ಲದೆ ಬರಬಹುದು, ಹೊಸದಾಗಿ ಶುರುವಾದ ಗೊಂದಲದ ಮಾತೇ ಅಲ್ಲಿ ಮೊದಲ ಲಕ್ಷಣ. 16 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ ಈ ಪಟ್ಟಿ ಸಲ್ಲದು. ಅವರಿಗೆ ಬೇರೆ ಪಟ್ಟಿಗಳಿವೆ.

ಪ್ರಶ್ನೆ: ಆಪರೇಷನ್ ಆದ ರೋಗಿಗೆ ನೋವಿಗೆಂದು ಮಾರ್ಫಿನ್ ನಡೆಯುತ್ತಿದೆ, 4 ಲೀಟರ್ ಆಮ್ಲಜನಕವೂ ಇದೆ. ಸ್ಯಾಚುರೇಶನ್ 98. ಗೊರಕೆ ಹೊಡೆದು ಮಲಗಿದ್ದಾರೆ. ‘ಅಂತೂ ನಿದ್ದೆ ಬಂತು, ಎಬ್ಬಿಸಬೇಡಿ’ ಎನ್ನುತ್ತಾರೆ ಮನೆಯವರು. ಎಬ್ಬಿಸಬೇಕೇ?

ಎಬ್ಬಿಸಬೇಕು. ಆದರೆ ಎಬ್ಬಿಸುವ ಮೊದಲು ಉಸಿರು ಎಣಿಸಬೇಕು. ಮುಟ್ಟಿ ಕೂಗಿದ ಕೂಡಲೇ ಉಸಿರಾಟ ಚುರುಕಾಗಿ, ನಿದ್ದೆಯಲ್ಲಿ 7 ಇದ್ದದ್ದು 14 ಆಗಿಬಿಡುತ್ತದೆ. ನೀವು 14 ಬರೆದು ಹೊರಟ ಮೇಲೆ ಅದು ಮತ್ತೆ 7.

ಇಲ್ಲಿ ಮೋಸ ಮಾಡುತ್ತಿರುವುದು ಆ 98. ಹೆಚ್ಚುವರಿ ಆಮ್ಲಜನಕ ಹೋಗುತ್ತಿರುವಾಗ ಉಸಿರಾಟ ಅರ್ಧಕ್ಕಿಳಿದರೂ ಸ್ಯಾಚುರೇಶನ್ ಬಹಳ ಹೊತ್ತು ಕೆಳಗಿಳಿಯುವುದಿಲ್ಲ. ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಿರುತ್ತದೆ, ಅದು ಮಂಪರನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮಾರ್ಫಿನ್ ಪಡೆದವರ ಗೊರಕೆ ಸುಖನಿದ್ದೆಯ ಗುರುತಲ್ಲ. ಸಡಿಲಾದ ನಾಲಿಗೆ ಹಿಂದೆ ಬಿದ್ದು ಗಾಳಿಯ ದಾರಿ ಅರ್ಧ ಮುಚ್ಚಿರಬಹುದು. ಸಾಮಾನ್ಯವಾಗಿ ಮೊದಲು ಮಂಪರು ಹೆಚ್ಚುತ್ತದೆ, ಆಮೇಲೆ ಉಸಿರು ಇಳಿಯುತ್ತದೆ, ಸ್ಯಾಚುರೇಶನ್ ಬೀಳುವುದು ಕೊನೆಗೆ.

ಹೆಸರು ಹಿಡಿದು ಕರೆಯಿರಿ, ಒಂದು ಪ್ರಶ್ನೆ ಕೇಳಿ. ಕಣ್ಣು ಬಿಟ್ಟು ಸರಿಯಾಗಿ ಉತ್ತರಿಸಿ, ಎಚ್ಚರವಾಗಿಯೇ ಉಳಿದರೆ ಸದ್ಯಕ್ಕೆ ಚಿಂತೆಯಿಲ್ಲ. ಮಾತಿನ ನಡುವೆಯೇ ಕಣ್ಣು ಮುಚ್ಚಿ ತೂಕಡಿಸಿದರೆ ಮುಂದಿನ ಡೋಸ್ ನಿಲ್ಲಿಸಿ, ತಲೆಯ ಭಾಗ ಎತ್ತರಿಸಿ, ಡಾಕ್ಟರಿಗೆ ಹೇಳಿ, ಹತ್ತಿರವೇ ಇರಿ. ನೋವಿನ ಪಂಪಿನ ಗುಂಡಿ ರೋಗಿಯ ಕೈಯಲ್ಲಿದ್ದರೆ ಮನೆಯವರು ಕನಿಕರದಿಂದ ಅದನ್ನು ಒತ್ತುತ್ತಿಲ್ಲವೇ ಎಂದು ವಿಚಾರಿಸಿ. ನಿದ್ದೆ ಹತ್ತಿದವರು ಗುಂಡಿ ಒತ್ತಲಾರರು ಎಂಬುದೇ ಆ ಯಂತ್ರದ ರಕ್ಷೆ, ಬೇರೆಯವರ ಬೆರಳು ಅದನ್ನೇ ಕೆಡಿಸುತ್ತದೆ.

ಉಸಿರು 8 ಅಥವಾ ಅದಕ್ಕೂ ಕಡಿಮೆ, ಅಲುಗಿಸಿದರೂ ಏಳುತ್ತಿಲ್ಲ ಎಂದಾದರೆ ಅದು ತುರ್ತು ಕರೆ. ದವಡೆ ಎತ್ತಿ ದಾರಿ ಬಿಡಿಸಿ, ಬ್ಯಾಗ್-ಮಾಸ್ಕಿನಿಂದ ಉಸಿರು ಕೊಡಿ. ಜೊತೆಗೆ ಡಾಕ್ಟರ ಆದೇಶ ಅಥವಾ ಆಸ್ಪತ್ರೆಯ ಲಿಖಿತ ಸೂಚನೆಯಂತೆ ಮಾರ್ಫಿನ್ನಿನ ಪ್ರಭಾವ ತಡೆಯುವ ನಲಾಕ್ಸೋನ್. 0.4 ಮಿಲಿಗ್ರಾಂನ 1 ಮಿಲೀ ಆಂಪೂಲನ್ನು 9 ಮಿಲೀ ಸಲೈನಿನಲ್ಲಿ ಬೆರೆಸಿದರೆ ಪ್ರತಿ ಮಿಲೀಯಲ್ಲಿ 0.04 ಮಿಲಿಗ್ರಾಂ. ಉಸಿರು ಪೂರ್ತಿ ನಿಲ್ಲದಿದ್ದರೆ ಎರಡು ಮೂರು ನಿಮಿಷಕ್ಕೊಮ್ಮೆ 1ರಿಂದ 2 ಮಿಲೀಯಂತೆ, ಉಸಿರಾಟ ಸುಧಾರಿಸುವವರೆಗೆ ಕೊಡುವುದು ರೂಢಿ. ಒಮ್ಮೆಗೇ ಪೂರ್ತಿ ತಳ್ಳಿದರೆ ಹೊಸ ಗಾಯದ ನೋವೆಲ್ಲ ಒಟ್ಟಿಗೆ ಮರಳುತ್ತದೆ, ಬಿಪಿ ಜಿಗಿಯುತ್ತದೆ. ಎದ್ದು ಕೂತರು ಎಂದು ಬೆನ್ನು ತಿರುಗಿಸಬೇಡಿ. ನಲಾಕ್ಸೋನಿನ ಪ್ರಭಾವ 30ರಿಂದ 90 ನಿಮಿಷ; ಮಾರ್ಫಿನ್ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ, ಮೂತ್ರಪಿಂಡ ಸೋತವರಲ್ಲಂತೂ ಇನ್ನೂ ಹೆಚ್ಚು. ಎರಡನೇ ಸಲ ಮಂಪರು ಬರುವುದು ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆಯೇ.

ಪ್ರಶ್ನೆ: ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ ‘ಸರ್, ಪೇಷೆಂಟ್ ಸರಿಯಿಲ್ಲ’ ಎಂದರೆ ‘ನೋಡ್ತಿರಿ ಸಿಸ್ಟರ್’ ಎಂದು ಇಟ್ಟುಬಿಡುತ್ತಾರೆ. ಏನು ಮಾಡುವುದು?

‘ಸರಿಯಿಲ್ಲ’ ಎಂಬ ಮಾತನ್ನು ನಿದ್ದೆಗಣ್ಣಿನವರು ಹಿಡಿದುಕೊಳ್ಳಲಾರರು. ಅದಕ್ಕೆ ಅಂಕಿ ಬೇಕು, ಹಿಂದಿನ ಅಂಕಿ ಬೇಕು, ನಿಮಗೇನು ಬೇಕು ಎಂಬುದೂ ಬೇಕು. ಎಸ್‌ಬಾರ್ ಎನ್ನುವ ನಾಲ್ಕು ಮೆಟ್ಟಿಲ ಕ್ರಮ ಇದಕ್ಕಾಗಿಯೇ ಇದೆ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತಿದೆ, ನೀವು ಏನು ಮಾಡಬೇಕು. (ಇದರ ಮೂಲ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳು, ಅಲ್ಲಿಯೂ ಉದ್ದ ಮಾತಿಗೆ ಹೊತ್ತಿಲ್ಲ.) ಫೋನ್ ಎತ್ತುವ ಮೊದಲು ಕೇಸ್ ಶೀಟ್ ಕೈಯಲ್ಲಿರಲಿ, ಆಗಷ್ಟೇ ನೀವೇ ಅಳೆದ ಅಂಕಿಗಳಿರಲಿ.

ಮಾತು ಹೀಗಿರಬಹುದು: ‘ಡಾಕ್ಟರೇ, ಸರ್ಜರಿ ವಾರ್ಡಿನ ಸ್ಟಾಫ್ ನರ್ಸ್ ಮಾತಾಡ್ತಿರೋದು. ಕರುಳಿನ ಆಪರೇಷನ್ ಆಗಿರೋ ಇಂಥವರ ಉಸಿರಾಟ ಸಂಜೆ 16 ಇತ್ತು, ಈಗ 26. ಬಿಪಿ 124 ಇದ್ದದ್ದು 102ಕ್ಕೆ ಬಂದಿದೆ. ಆಪರೇಷನ್ ಆಗಿ ಇವತ್ತಿಗೆ ನಾಲ್ಕನೇ ದಿನ, ತೂಕ 60 ಕೆಜಿ. ಮೂರು ಗಂಟೆಯಲ್ಲಿ ಮೂತ್ರ 40 ಮಿಲೀ ಮಾತ್ರ. ಹೊಟ್ಟೆ ಗಟ್ಟಿಯಾಗಿದೆ. ಒಳಗೆ ಹೊಲಿಗೆ ಹಾಕಿದ ಕಡೆ ಸೋರ್ತಿರಬಹುದು ಅನ್ನೋ ಅನುಮಾನ ನನಗೆ. ನೀವು ಈಗಲೇ ಬಂದು ನೋಡಬೇಕು. ಅಷ್ಟರಲ್ಲಿ ಡ್ರಿಪ್, ರಕ್ತ ಪರೀಕ್ಷೆ ಏನು ಶುರು ಮಾಡಲಿ?’

ಇದಕ್ಕೆ ನಲವತ್ತು ಸೆಕೆಂಡು ಸಾಕು. ಮೂತ್ರದ ಲೆಕ್ಕ ಗಮನಿಸಿ. ಗಂಟೆಗೆ ಕೆಜಿಗೆ 0.5 ಮಿಲೀಯಂತೆ ಮೂರು ಗಂಟೆಯಲ್ಲಿ 90 ಮಿಲೀ ಆದರೂ ಬರಬೇಕಿತ್ತು. ತೂಕ ಹೇಳಿದ್ದರಿಂದಲೇ 40 ಎಂಬ ಅಂಕಿಗೆ ಅರ್ಥ ಬಂತು. ‘ನಾನು ರೋಗ ನಿರ್ಣಯ ಹೇಳಬಹುದೇ’ ಎಂದು ಹಲವರು ಹಿಂಜರಿಯುತ್ತಾರೆ. ಅನುಮಾನ ಹೇಳುವುದು ನಿರ್ಣಯವಲ್ಲ. ಏನೆಂದು ತಿಳಿಯದಿದ್ದರೆ ‘ಕಾರಣ ಗೊತ್ತಾಗ್ತಿಲ್ಲ, ಆದರೆ ಸಂಜೆಗಿಂತ ಕೆಟ್ಟಿದೆ’ ಎನ್ನಿ, ಅದೂ ನಡೆಯುತ್ತದೆ.

ಇಷ್ಟಾದರೂ ‘ನೋಡ್ತಿರಿ’ ಎಂದರೆ ಫೋನ್ ಇಡುವ ಮುಂಚೆ ಒಂದು ಪ್ರಶ್ನೆ: ‘ಎಷ್ಟಾದರೆ, ಎಷ್ಟು ಹೊತ್ತಿಗೆ ಮತ್ತೆ ಕರೀಲಿ?’ ಉತ್ತರಕ್ಕೆ ಅಂಕಿ, ಸಮಯ ಎರಡೂ ಬರಲೇಬೇಕು. ಸಮಾಧಾನವಾಗದಿದ್ದರೆ ‘ಇದು ಸುರಕ್ಷಿತ ಅಂತ ನನಗೆ ಅನ್ನಿಸ್ತಿಲ್ಲ, ನಿಮ್ಮ ಸೀನಿಯರ್‌ಗೆ ತಿಳಿಸ್ತೀನಿ’ ಎಂದು ಹೇಳಿಯೇ ಮಾಡಿ. ಹೇಳದೆ ಮಾಡಿದರೆ ಅದು ಚಾಡಿಯಂತೆ ಕಾಣುತ್ತದೆ. ಯಾರಿಗೆ, ಎಷ್ಟು ಗಂಟೆಗೆ, ಏನು ಹೇಳಿದಿರಿ, ಏನು ಉತ್ತರ ಬಂತು ಎಂಬುದನ್ನು ದಾಖಲಿಸಿ.

ಫೋನಿನಲ್ಲಿ ಬಂದ ಆದೇಶವನ್ನು ಬರೆದುಕೊಂಡು ಓದಿ ಹೇಳಿ, ‘ಸರಿ’ ಎನಿಸಿಕೊಳ್ಳಿ. ಕನ್ನಡದಲ್ಲಿ ಇಪ್ಪತ್ತು, ಎಪ್ಪತ್ತು ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ. ‘ಎರಡು, ಸೊನ್ನೆ’ ಎಂದು ಬಿಡಿಬಿಡಿಯಾಗಿ ಹೇಳುವುದು ನಾಚಿಕೆಯ ವಿಷಯವಲ್ಲ.

ಪ್ರಶ್ನೆ: ನಾನು ರೋಗಿಯ ಮಗಳು. ಅಮ್ಮನಿಗೆ ಪ್ರತಿ ಇಂಜೆಕ್ಷನ್ನಿಗೂ ಹೆಸರು ಕೇಳುತ್ತಾರೆ. ನಾಲ್ಕು ದಿನದಿಂದ ಅವರೇ ನೋಡುತ್ತಿರುವ ಸಿಸ್ಟರ್! ಅಮ್ಮನಿಗೆ ಸಿಟ್ಟು ಬರುತ್ತಿದೆ.

ಸಿಟ್ಟು ಸಹಜ, ಆದರೂ ಕೇಳಲಿ ಬಿಡಿ. ‘ನೀವು ಇಂಥವರಲ್ಲವೇ’ ಎಂದು ಕೇಳಿದರೆ ಕಿವಿ ಮಂದವಾದವರು, ಮಂಪರಿನಲ್ಲಿರುವವರು ಯಾವ ಹೆಸರಿಗೂ ‘ಹೂಂ’ ಎನ್ನುತ್ತಾರೆ. ಆದ್ದರಿಂದಲೇ ‘ನಿಮ್ಮ ಹೆಸರು ಹೇಳಿ’ ಎಂದು ಕೇಳಿ, ಕೈಪಟ್ಟಿಯ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಚಾರ್ಟಿನ ಜೊತೆ ತಾಳೆ ನೋಡುತ್ತಾರೆ. ಹಾಸಿಗೆ ಸಂಖ್ಯೆಯನ್ನು ನಂಬುವಂತಿಲ್ಲ. ರೋಗಿಗಳನ್ನು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಬದಲಿಸುತ್ತಲೇ ಇರುತ್ತಾರೆ. ರಕ್ತ ಕೊಡುವಾಗಂತೂ ಈ ತಾಳೆ ತಪ್ಪಿದರೆ ಬೇರೆ ಗುಂಪಿನ ರಕ್ತ ಹೋಗಿ ಪ್ರಾಣಕ್ಕೇ ಬರುತ್ತದೆ.

ಪ್ರಶ್ನೆ: ತೂಗುತ್ತಿದ್ದ ಡ್ರಿಪ್ ಬ್ಯಾಗಿಗೆ ಪೊಟ್ಯಾಶಿಯಂ ಕ್ಲೋರೈಡ್ ಸೇರಿಸಿದ ಕೆಲವೇ ನಿಮಿಷಕ್ಕೆ ರೋಗಿ ಕೈ ಉರಿ ಎಂದು ಕೂಗಿಕೊಂಡರು. ಡೋಸ್ ಸರಿಯಾಗಿಯೇ ಇತ್ತು. ತಪ್ಪು ಎಲ್ಲಿ?

‘ತೂಗುತ್ತಿದ್ದ’ ಎಂಬ ಪದದಲ್ಲೇ ಇದೆ. ಗಾಢ ಪೊಟ್ಯಾಶಿಯಂ ದ್ರಾವಣ ಸಲೈನಿಗಿಂತ ಭಾರ. ಬ್ಯಾಗಿಗೆ ಔಷಧ ಚುಚ್ಚುವ ಬಾಯಿ ಇರುವುದು ತಳದಲ್ಲಿ, ನಳಿಕೆ ಹೊರಡುವ ಜಾಗದ ಪಕ್ಕದಲ್ಲೇ. ಚುಚ್ಚಿದ್ದು ಮೇಲೆ ಹರಡದೆ ಅಲ್ಲೇ ಕೆಳಗೆ ನಿಂತು, ಬಹುಪಾಲು ಮೊದಲ ಹನಿಗಳಲ್ಲೇ ನರಕ್ಕೆ ಹೋಗುತ್ತದೆ. ಕೈ ಉರಿಯಿತು ಎಂದರೆ ರೋಗಿ ಎಚ್ಚರಿಸಿದರು ಎಂದೇ ಲೆಕ್ಕ. ಅಷ್ಟು ಗಾಢವಾದದ್ದು ಹೃದಯ ತಲುಪಿದರೆ ಅದರ ಬಡಿತವೇ ನಿಲ್ಲಬಹುದು.

ಸರಿಯಾದ ಕ್ರಮ: ಕ್ಲಾಂಪ್ ಮುಚ್ಚಿ, ಬ್ಯಾಗನ್ನು ಕೆಳಗಿಳಿಸಿ, ಚುಚ್ಚಿ, ಕನಿಷ್ಠ ಹತ್ತು ಸಲ ಮೇಲೆ ಕೆಳಗೆ ತಿರುಗಿಸಿ, ಲೇಬಲ್ ಅಂಟಿಸಿ, ಆಮೇಲೆ ತೂಗುಹಾಕಿ. ಕಾರ್ಖಾನೆಯಲ್ಲೇ ಬೆರೆಸಿದ ಬ್ಯಾಗ್ ಸಿಗುವುದಾದರೆ ಈ ತಾಪತ್ರಯವೇ ಬೇಡ.

ಲೆಕ್ಕ ನೋಡಿ. ಶೇ. 15ರ 10 ಮಿಲೀ ಆಂಪೂಲಿನಲ್ಲಿ 20 ಮಿಲಿ ಈಕ್ವಿವಲೆಂಟ್ (ಲವಣಗಳನ್ನು ಅಳೆಯುವ ಮಾನ) ಪೊಟ್ಯಾಶಿಯಂ ಇರುತ್ತದೆ. ಅದನ್ನು 500 ಮಿಲೀ ಬ್ಯಾಗಿಗೆ ಹಾಕಿದರೆ ಲೀಟರಿಗೆ 40 ಆಯಿತು. ಕೈಯ ನರಕ್ಕೆ ಅದೇ ಸಾಮಾನ್ಯ ಮಿತಿ. ವಾರ್ಡಿನಲ್ಲಿ ಗಂಟೆಗೆ 10 ಮಿಲಿ ಈಕ್ವಿವಲೆಂಟಿನ ವೇಗ ಮೀರದಿರುವುದು ರೂಢಿ. ಅದಕ್ಕಿಂತ ವೇಗ ಬೇಕಾದರೆ ಇಸಿಜಿ ಮಾನಿಟರ್ ಇರುವ ಕಡೆಗೆ ರೋಗಿ ಹೋಗಬೇಕು. ಗಂಟೆಗೆ 10 ಎಂದರೆ ಈ ಬ್ಯಾಗ್ ಗಂಟೆಗೆ 250 ಮಿಲೀ ಹೋಗಬೇಕು. ಮಿಲೀಗೆ 20 ಹನಿಯ ಸೆಟ್ಟಿನಲ್ಲಿ ಅದು ನಿಮಿಷಕ್ಕೆ 83 ಹನಿ. ಎಂಬತ್ಮೂರು ಹನಿಯನ್ನು ಕಣ್ಣಲ್ಲಿ ಎಣಿಸಿ ಚಕ್ರ ತಿರುಗಿಸುವುದು ಜೂಜು, ಪಂಪ್ ಹಾಕಿ. ಪೊಟ್ಯಾಶಿಯಂ ಆಂಪೂಲನ್ನು ಸಿರಿಂಜಿನಿಂದ ನೇರ ನರಕ್ಕೆ ಕೊಡುವ ಸಂದರ್ಭ ಯಾವುದೂ ಇಲ್ಲ. ಡಿಸ್ಟಿಲ್ಡ್ ವಾಟರ್ ಆಂಪೂಲಿನ ಪಕ್ಕದಲ್ಲಿ ಅದನ್ನಿಡುವುದು ಬೇಡವೇ ಬೇಡ. ಎರಡೂ ಬಣ್ಣವಿಲ್ಲದ ನೀರು, ಎರಡೂ 10 ಮಿಲೀ. ಶುರು ಮಾಡುವ ಮುನ್ನ ಮೂತ್ರ ಸರಿಯಾಗಿ ಹೋಗುತ್ತಿದೆಯೇ ನೋಡಿ, ದೇಹ ಪೊಟ್ಯಾಶಿಯಂ ಹೊರಹಾಕುವ ಮುಖ್ಯ ದಾರಿ ಅದು.

ಪ್ರಶ್ನೆ: ಇಬ್ಬರು ನರ್ಸುಗಳು ನೋಡಿ ಸಹಿ ಹಾಕಿದ ಡೋಸೂ ತಪ್ಪುವುದು ಹೇಗೆ?

ಮೊದಲನೆಯವರು ‘ಹದಿನೆಂಟು ಎಂಎಲ್ ಅಲ್ವಾ?’ ಎಂದರು, ಎರಡನೆಯವರು ‘ಹೌದು’ ಎಂದರು. ಅಲ್ಲಿ ನೋಡಿದ್ದು ಒಬ್ಬರೇ. ಇನ್ನೊಬ್ಬರು ಒಪ್ಪಿದರು, ಅಷ್ಟೆ. ಎರಡನೆಯವರು ಆದೇಶ, ತೂಕ, ಬಾಟಲಿಯ ಲೇಬಲ್ ಮೂರನ್ನೂ ಕೈಗೆತ್ತಿಕೊಂಡು, ಮೊದಲನೆಯವರ ಉತ್ತರ ಕೇಳದೆ ತಾವೇ ಲೆಕ್ಕ ಮಾಡಬೇಕು. ಆಮೇಲೆ ಎರಡು ಉತ್ತರ ತಾಳೆ ನೋಡಬೇಕು.

ಮಕ್ಕಳಲ್ಲಿ ಮಿಲಿಗ್ರಾಂ, ಮಿಲೀಗಳ ಅದಲುಬದಲು ದೊಡ್ಡ ಅಪಾಯ. ನರಕ್ಕೆ ಕೊಡುವ ಪ್ಯಾರಾಸಿಟಮಾಲ್ ಮಿಲೀಗೆ 10 ಮಿಲಿಗ್ರಾಂ ಇರುತ್ತದೆ. 12 ಕೆಜಿ ಮಗುವಿಗೆ ಕೆಜಿಗೆ 15ರಂತೆ 180 ಮಿಲಿಗ್ರಾಂ, ಅಂದರೆ 18 ಮಿಲೀ. ಆ 180ನ್ನು ಮಿಲೀ ಎಂದುಕೊಂಡರೆ ಹತ್ತು ಪಟ್ಟು, ಲಿವರಿಗೆ ವಿಷ. ಆದರೆ ಅದಕ್ಕೆ 100 ಮಿಲೀಯ ಎರಡು ಬಾಟಲಿ ಒಡೆಯಬೇಕಾಗುತ್ತದೆ. ಪುಟ್ಟ ಮಗುವಿಗೆ ಒಂದೇ ಡೋಸಿಗೆ ಎರಡನೇ ಬಾಟಲಿಗೆ ಕೈ ಹೋಯಿತೆಂದರೆ ಅಲ್ಲೇ ನಿಲ್ಲಿ. ಲೆಕ್ಕ ತಪ್ಪಿರುವ ಸಾಧ್ಯತೆಯೇ ಹೆಚ್ಚು.

ಬರವಣಿಗೆಯ ಮಾತೂ ಒಂದಿದೆ: .5 ಎಂದು ಬರೆದರೆ ಚುಕ್ಕೆ ಕಾಣದೆ 5 ಆಗುತ್ತದೆ, 1.0 ಎಂದರೆ 10 ಆಗುತ್ತದೆ. 0.5 ಎಂದು ಬರೆಯಿರಿ, 1 ಎಂದು ಬರೆಯಿರಿ.

ಪ್ರಶ್ನೆ: ಇನ್ಸುಲಿನ್ ಸಿರಿಂಜ್ ಸಿಗದಿದ್ದಾಗ ಸಿಕ್ಕ ಸಿರಿಂಜ್ ಬಳಸಬಹುದೇ?

ಬೇಡ. ಇನ್ಸುಲಿನ್ ಮಿಲೀಗೆ 40 ಯೂನಿಟ್ಟಿನದೂ ಇದೆ, 100ರದೂ ಇದೆ; ಸಿರಿಂಜೂ ಅದಕ್ಕೆ ತಕ್ಕಂತೆ ಬೇರೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಬರುವುದು 50 ಯೂನಿಟ್. ಸಿರಿಂಜಿನ ಮೇಲಿನ ಸಂಖ್ಯೆ, ವಯಲ್ ಮೇಲಿನ ಸಂಖ್ಯೆ ಒಂದೇ ಇರಬೇಕು. ಆದೇಶದಲ್ಲಿ ‘ಯು’ ಅಕ್ಷರ ಸೊನ್ನೆಯಂತೆ ಕಾಣುವುದರಿಂದ ‘ಯೂನಿಟ್’ ಎಂದು ಪೂರ್ತಿ ಬರೆಸಿ.

ಪ್ರಶ್ನೆ: ಮೂಗಿನ ನಳಿಕೆ ಹೊಟ್ಟೆಯಲ್ಲಿದೆ ಎಂದು ಗಾಳಿ ಊದಿ, ಸ್ಟೆತೊಸ್ಕೋಪ್ ಇಟ್ಟು ಕೇಳಿ ಖಚಿತ ಮಾಡಿಕೊಳ್ಳುತ್ತೇವೆ. ಸಾಲದೇ?

ಸಾಲದು. ನಳಿಕೆ ಶ್ವಾಸಕೋಶದಲ್ಲಿದ್ದರೂ ಗುಳುಗುಳು ಸದ್ದು ಹೊಟ್ಟೆಯ ಮೇಲೆ ಕೇಳಿಸುತ್ತದೆ. ಒಳಗಿನ ದ್ರವ ಎಳೆದು ಆಮ್ಲದ ಮಟ್ಟ ತೋರಿಸುವ ಪಿಎಚ್ ಪಟ್ಟಿಯಲ್ಲಿ ನೋಡಿ, 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆಹಾರ ಕೊಡಬಹುದು. ಆಮ್ಲ ಕಡಿಮೆ ಮಾಡುವ ಮಾತ್ರೆ ನಡೆಯುತ್ತಿದ್ದರೆ ಪಿಎಚ್ ಹೆಚ್ಚೇ ಬರಬಹುದು. ದ್ರವವೇ ಬಾರದಿದ್ದರೂ, ಅನುಮಾನವಿದ್ದರೂ ಎಕ್ಸ್‌ರೇ. ಪ್ರತಿ ಸಲ ಆಹಾರಕ್ಕೆ ಮುಂಚೆ ಮೂಗಿನ ಬಳಿಯ ಗುರುತು ಜರುಗಿದೆಯೇ ನೋಡಿ. ಜೋರಾಗಿ ಕೆಮ್ಮಿದ ಅಥವಾ ವಾಂತಿಯಾದ ಮೇಲಂತೂ ಮತ್ತೆ ಮೊದಲಿಂದ ಪರೀಕ್ಷಿಸಬೇಕು.

ಪ್ರಶ್ನೆ: ತಪ್ಪು ಔಷಧ ಕೊಟ್ಟದ್ದು ಆಮೇಲೆ ಗೊತ್ತಾಯಿತು. ರೋಗಿಗೆ ಏನೂ ಆಗಿಲ್ಲ. ಹೇಳಲೇಬೇಕೇ?

‘ಏನೂ ಆಗಿಲ್ಲ’ ಎಂದು ಆಗಲೇ ಹೇಳಲು ಬರುವುದಿಲ್ಲ. ಕೆಲವು ಔಷಧಗಳ ಪ್ರಭಾವ ಏರುವುದೇ ಗಂಟೆಗಳ ನಂತರ. ಇನ್ನೂ ಹೋಗುತ್ತಿದ್ದರೆ ನಿಲ್ಲಿಸಿ, ನರಕ್ಕೆ ಚುಚ್ಚಿಟ್ಟ ಕ್ಯಾನುಲಾ ತೆಗೆಯಬೇಡಿ, ಬೇಕಾಗುತ್ತದೆ. ಉಸಿರು, ನಾಡಿ, ಬಿಪಿ, ಪ್ರಜ್ಞೆ, ಸಕ್ಕರೆ ನೋಡಿ. ತಕ್ಷಣ ಡಾಕ್ಟರಿಗೆ ಹೇಳಿ. ಖಾಲಿ ಆಂಪೂಲ್, ಸಿರಿಂಜ್, ಬ್ಯಾಗ್ ಎಸೆಯಬೇಡಿ. ಏನು, ಎಷ್ಟು ಹೋಗಿದೆ ಎಂಬುದಕ್ಕೆ ಅವೇ ಸಾಕ್ಷಿ. ರೋಗಿಗೂ ಮನೆಯವರಿಗೂ ಡಾಕ್ಟರ ಜೊತೆ ನಿಂತು ತಿಳಿಸಿ.

ಕೇಸ್ ಶೀಟಿನಲ್ಲಿ ನಡೆದದ್ದನ್ನಷ್ಟೇ ಬರೆಯಿರಿ: ಎಷ್ಟು ಗಂಟೆಗೆ ಯಾವ ಔಷಧ ಎಷ್ಟು ಹೋಯಿತು, ಆಗ ರೋಗಿಯ ಸ್ಥಿತಿ ಏನು, ಯಾರಿಗೆ ತಿಳಿಸಿದಿರಿ. ಹಳೆಯ ಬರಹ ಅಳಿಸಬೇಡಿ, ವೈಟ್ನರ್ ಹಚ್ಚಬೇಡಿ. ಒಂದೇ ಗೆರೆ ಎಳೆದು ಸಹಿ, ಸಮಯ ಹಾಕಿ. ಯಾಕಾಯಿತು ಎಂಬ ವಿವರಣೆಗೆ ಘಟನಾ ವರದಿಯ ನಮೂನೆ ಬೇರೆಯೇ ಇರುತ್ತದೆ.

ಆ ವರದಿಯಲ್ಲಿ ‘ಗಮನ ಕೊಡಲಿಲ್ಲ, ಇನ್ನು ಎಚ್ಚರ ವಹಿಸುತ್ತೇನೆ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಎರಡು ಆಂಪೂಲ್ ಒಂದೇ ಟ್ರೇಯಲ್ಲಿದ್ದವೇ? ಒಂದೇ ಬಣ್ಣದ ಲೇಬಲ್ಲೇ? ಔಷಧ ಎಳೆಯುವಾಗ ಎಷ್ಟು ಸಲ ಯಾರಾದರೂ ಕರೆದರು? ಎಳೆದಿಟ್ಟ ಸಿರಿಂಜಿಗೆ ಲೇಬಲ್ ಇತ್ತೇ? ಇಂಥ ವಿವರವಿದ್ದರೆ ಇನ್‌ಚಾರ್ಜ್ ಸಿಸ್ಟರ್ ಅಂದೇ ಸಂಜೆ ಆ ಎರಡು ಆಂಪೂಲುಗಳನ್ನು ಬೇರೆ ಬೇರೆ ಡ್ರಾಯರಿಗೆ ಸರಿಸಬಹುದು.